ಪಸ್ಕದ ಚಂದ್ರನೂ ದಂಡಿನ ನೆರೆಹೊರೆಯೂ: ಸಭೆಯ ಕಾಲಗಣನೆಯ ಚರಿತ್ರೆಯಿಂದ ಒಂದು ಪಾಠ

ಕ್ರೈಸ್ತ ಸಭೆಯ ಹಬ್ಬಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯವು ಸೂರ್ಯನ ಲೆಕ್ಕಕ್ಕೆ ಸೇರಿದವು. ಅವುಗಳ ತಾರೀಖು ಕದಲುವುದಿಲ್ಲ. ಕ್ರಿಸ್ತಜಯಂತಿಯು ಡಿಸೆಂಬರ್ 25ಕ್ಕೆ ಬರುವಂತೆಯೇ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಮಹೋತ್ಸವವು ಸೆಪ್ಟೆಂಬರ್ 8ಕ್ಕೇ ಬರುತ್ತದೆ. ಆ ರಾತ್ರಿ ಚಂದ್ರನು ಯಾವ ಕಳೆಯಲ್ಲಿರುವನೆಂದು ಯಾರೂ ವಿಚಾರಿಸುವುದಿಲ್ಲ. 2024ರಲ್ಲಿ ಅಂದು ಶುಕ್ಲಪಕ್ಷದ ಎಳೆಚಂದ್ರನು ರಾತ್ರಿ ಬೇಗನೆ ಮುಳುಗಿದನು. 2025ರಲ್ಲಿ ಹುಣ್ಣಿಮೆಯ ಮರುದಿನದ ಚಂದ್ರನು ಸೂರ್ಯಾಸ್ತವಾದ ಸ್ವಲ್ಪ ಹೊತ್ತಿಗೆ ಮೂಡಿದನು, ಹಿಂದಿನ ರಾತ್ರಿಯಷ್ಟೇ ಪೂರ್ಣ ಚಂದ್ರಗ್ರಹಣವೂ ಆಗಿತ್ತು. ಹಬ್ಬದ ದಿನಕ್ಕೆ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಮತ್ತೊಂದು ಬಗೆಯ ಹಬ್ಬಗಳಾದರೋ ಚಂದ್ರನ ಲೆಕ್ಕವನ್ನೇ ಹಿಡಿದು ನಡೆಯುತ್ತವೆ. ಬೂದಿ ಬುಧವಾರ, ಗರಿಗಳ ಭಾನುವಾರ, ಶುಭ ಶುಕ್ರವಾರ, ಪುನರುತ್ಥಾನದ ಭಾನುವಾರ, ಸ್ವರ್ಗಾರೋಹಣ, ಪಂಚಾಶತ್ತಮ ಇವೆಲ್ಲವೂ ಒಂದು ಹುಣ್ಣಿಮೆಗೆ ಕಟ್ಟಿದ ಸರದ ಮಣಿಗಳು. ವಸಂತದ ಸಮರಾತ್ರಿಯ ದಿನವೆಂದು ಸಭೆಯು ಗೊತ್ತುಪಡಿಸಿಕೊಂಡಿರುವ ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಪುನರುತ್ಥಾನದ ಹಬ್ಬ. ಆದಕಾರಣವೇ ಅದು ಮಾರ್ಚ್ 22ಕ್ಕೂ ಏಪ್ರಿಲ್ 25ಕ್ಕೂ ನಡುವೆ ಚಲಿಸುತ್ತಿರುತ್ತದೆ.

ಈ ಸಂಗತಿಯು ನಮ್ಮ ಸಭಾಪಾಲಕರಿಗೆ ತಿಳಿಯದ್ದಲ್ಲ, ಆದರೆ ಮರೆತುಹೋಗುವಂಥದು. ರಂಜಾನ್ ಚಂದ್ರದರ್ಶನದ ಸುದ್ದಿ ತಡವಾಗಿ ಬಂದಾಗಲೋ, ನೆರೆಮನೆಯವರು ಪಂಚಾಂಗ ತೆರೆದು ಹುಣ್ಣಿಮೆಯ ಗಳಿಗೆ ನೋಡುವಾಗಲೋ, "ಅವರು ಚಂದ್ರನನ್ನು ನಂಬಿ ದಿನ ಹಿಡಿಯುವವರು, ನಮಗೆ ಆ ಕಟ್ಟುಪಾಡಿಲ್ಲ" ಎಂಬ ಮಾತು ನಮ್ಮ ಕೂಟಗಳಲ್ಲಿ ಕೇಳಿಬರುವುದುಂಟು. ಈ ಮಾತು ಸಭೆಯ ಚರಿತ್ರೆಗೆ ಒಪ್ಪುವುದಿಲ್ಲವೆಂದೂ, ಇದರ ಹಿಂದೆ ಬಹು ಹಳೆಯದಾದ ಒಂದು ತಪ್ಪು ಅಡಗಿದೆಯೆಂದೂ ಈ ಲೇಖನದಲ್ಲಿ ತೋರಿಸಲು ನಾವು ಉದ್ದೇಶಿಸಿದ್ದೇವೆ. ಇದಕ್ಕೆ ಬೆಂಗಳೂರಿನ ದಂಡು ಪ್ರದೇಶಕ್ಕಿಂತ ತಕ್ಕ ಸ್ಥಳವಿಲ್ಲ. ಶಿವಾಜಿನಗರದಿಂದ ಹಲಸೂರಿನವರೆಗಿನ ಸಣ್ಣ ಅಂತರದಲ್ಲಿ ನಾಲ್ಕು ಧರ್ಮಗಳ ಜನರು ಒಂದೇ ಚಂದ್ರನನ್ನು ನಾಲ್ಕು ವಿಧವಾಗಿ ಎಣಿಸುತ್ತಾರೆ.

ತಿಂಗಳು ಎಂಬ ಪದ

ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಬೆಳದಿಂಗಳು ಎಂಬ ಮಾತಿನಲ್ಲಿ ಮೊದಲ ಅರ್ಥ ಇನ್ನೂ ಉಳಿದಿದೆ. ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಈ ಅವಧಿಯಲ್ಲಿ ಚಂದ್ರನ ಉದಯವು ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಂದು ಅವನು ಸೂರ್ಯನೊಡನೆಯೇ ಮೂಡಿ ಸೂರ್ಯನೊಡನೆಯೇ ಮುಳುಗುತ್ತಾನೆ. ಒಂದೆರಡು ದಿನಗಳ ಬಳಿಕ ಸಂಜೆಯ ಪಶ್ಚಿಮದಲ್ಲಿ ಎಳೆಗೆರೆಯಾಗಿ ತೋರಿ ಬೇಗನೆ ಮರೆಯಾಗುತ್ತಾನೆ. ಶುಕ್ಲಪಕ್ಷದ ಅಷ್ಟಮಿಯ ಹೊತ್ತಿಗೆ ಅವನ ಉದಯ ನಡುಹಗಲಿಗೆ, ಅಸ್ತ ನಡುರಾತ್ರಿಗೆ. ಹುಣ್ಣಿಮೆಯಂದು ಸೂರ್ಯನು ಮುಳುಗುವಾಗ ಮೂಡಿ, ರಾತ್ರಿಯಿಡೀ ಆಕಾಶದಲ್ಲಿದ್ದು, ಸೂರ್ಯನು ಮೂಡುವಾಗ ಮುಳುಗುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯಲ್ಲಿ ನಡುರಾತ್ರಿಗೆ ಮೂಡಿ, ಬೆಳಗಾಗುವಾಗ ನೆತ್ತಿಯ ಬಳಿ ಇರುತ್ತಾನೆ. ಆ ಮೇಲೆ ಮುಂಜಾನೆಯ ಪೂರ್ವದಲ್ಲಿ ಸಣ್ಣಗಾಗುತ್ತ ಮತ್ತೆ ಸೂರ್ಯನನ್ನು ಸೇರುತ್ತಾನೆ.

ದಂಡಿನಲ್ಲಿ ನಿಂತವರಿಗೆ ಈ ಕ್ರಮವು ದಿಕ್ಕಿನ ಕ್ರಮವೂ ಆಗಿದೆ. ಎಳೆಚಂದ್ರನು ಹಳೆಯ ಪೇಟೆಯ ಕಡೆ, ಪಶ್ಚಿಮದಲ್ಲಿ ಕಾಣುತ್ತಾನೆ. ತುಂಬುಚಂದ್ರನು ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳ ಕಡೆಯಿಂದ ಮೇಲೇಳುತ್ತಾನೆ. ಅದರಲ್ಲಿಯೂ ಸಮರಾತ್ರಿಯ ಸಮೀಪದ ಹುಣ್ಣಿಮೆಯು ಹೆಚ್ಚುಕಡಿಮೆ ನೇರ ಪೂರ್ವದಲ್ಲಿಯೇ ಉದಯಿಸುತ್ತದೆ. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬರುವುದಕ್ಕೆ ಮುಂಚೆ ಈ ಉದಯಾಸ್ತಗಳು ಊರಿನ ಎಲ್ಲರ ಅನುಭವವಾಗಿದ್ದವು. ಈಗ ಅವು ಗ್ರಂಥಜ್ಞಾನವಾಗಿವೆ.

ಪವಿತ್ರ ವಾರದ ರಾತ್ರಿಗಳು

ಯಾಜಕಕಾಂಡದ 23ನೆಯ ಅಧ್ಯಾಯವು ಪಸ್ಕಕ್ಕೆ ಮೊದಲನೆಯ ತಿಂಗಳಿನ 14ನೆಯ ದಿನದ ಸಂಜೆಯನ್ನು ನೇಮಿಸುತ್ತದೆ. ತಿಂಗಳು ಅಮಾವಾಸ್ಯೆಯ ಬಳಿಕ ಆರಂಭವಾಗುವುದರಿಂದ 14ನೆಯ ಸಂಜೆಯೆಂದರೆ ಹುಣ್ಣಿಮೆಯೇ. ಕರ್ತನ ಬಾಧೆಮರಣಗಳ ಚರಿತ್ರೆ ನಡೆದದ್ದು ಈ ಬೆಳದಿಂಗಳಲ್ಲಿ. ಗೆತ್ಸೇಮನೆಯ ತೋಟಕ್ಕೆ ಬಂದ ಗುಂಪು ದೀಪಗಳನ್ನೂ ಪಂಜುಗಳನ್ನೂ ಹಿಡಿದು ಬಂದಿತೆಂದು ಯೋಹಾನನು 18ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ತುಂಬುಚಂದ್ರನ ರಾತ್ರಿಯಲ್ಲಿ ಪಂಜುಗಳೇಕೆ ಎಂದು ಕೇಳುವ ಬೋಧಕನಿಗೆ ಆ ವಚನದಲ್ಲಿ ಬಹಳ ದೊರಕುತ್ತದೆ: ಮರಗಳ ನೆರಳಿನಲ್ಲಿ ಅಡಗಿದವನನ್ನು ಹುಡುಕಲು ಅವರು ಬಂದರು, ಅವನಾದರೋ ತಾನಾಗಿ ಮುಂದೆ ಬಂದು ನಿಂತನು.

ಶಿಲುಬೆಯ ಮೂರು ಗಂಟೆಗಳ ಕತ್ತಲೆಯ ವಿಷಯದಲ್ಲಿಯೂ ಚಂದ್ರನ ಸಾಕ್ಷ್ಯ ಮುಖ್ಯವಾದದ್ದು. ಲೂಕನು 23ನೆಯ ಅಧ್ಯಾಯದಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವು ಗ್ರಹಣವೆಂಬ ಪದದ ಧಾತುವಿಗೆ ಸೇರಿದ್ದು. ಆದುದರಿಂದ ಅದು ಸೂರ್ಯಗ್ರಹಣವೆಂದು ಹೇಳಿದವರುಂಟು. ಮೂರನೆಯ ಶತಮಾನದ ಯೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಚರಿತ್ರಕಾರನು ಥಾಲಸ್ ಎಂಬವನ ಇಂಥ ವಿವರಣೆಯನ್ನು ತಳ್ಳಿಹಾಕಿದನು. ಅವನ ತರ್ಕ ಸರಳ: ಸೂರ್ಯಗ್ರಹಣವು ಅಮಾವಾಸ್ಯೆಯಲ್ಲಿ ಮಾತ್ರ ಸಾಧ್ಯ, ಪಸ್ಕವೋ ಹುಣ್ಣಿಮೆಯದು, ಅಂದಿನ ನಡುಹಗಲಿನಲ್ಲಿ ಚಂದ್ರನು ಸೂರ್ಯನಿಗೆ ಎದುರಾಗಿ ಭೂಮಿಯ ಕೆಳಗಿದ್ದನು. ಆಕಾಶವನ್ನು ಬಲ್ಲವರು ಶಾಸ್ತ್ರವನ್ನು ಹೆಚ್ಚು ಎಚ್ಚರಿಕೆಯಿಂದ ಓದುತ್ತಾರೆಂಬುದಕ್ಕೆ ಇದು ಹಳೆಯ ನಿದರ್ಶನ.

ಪುನರುತ್ಥಾನದ ಭಾನುವಾರವು ಸಭೆಯ ನಿಯಮದ ಪ್ರಕಾರ ಚಂದ್ರನ 15ನೆಯ ದಿನದಿಂದ 21ನೆಯ ದಿನದೊಳಗೆ ಬೀಳುತ್ತದೆ. ಅಂದರೆ ಯಾವ ವರ್ಷವೇ ಆಗಲಿ, ಆ ಮುಂಜಾನೆಯ ಆರಾಧನೆಗೆ ಬರುವವರಿಗೆ ಪಶ್ಚಿಮದ ಅಂಚಿನಿಂದ ನೆತ್ತಿಯವರೆಗಿನ ಭಾಗದಲ್ಲಿ ಕ್ಷೀಣಿಸುತ್ತಿರುವ ಚಂದ್ರನೊಬ್ಬನು ಕಾಣಲೇಬೇಕು, ಮೋಡ ಅಡ್ಡಬಾರದಿದ್ದರೆ. ಇನ್ನೂ ಕತ್ತಲಿರುವಾಗಲೇ ಸಮಾಧಿಗೆ ಹೊರಟ ಮಗ್ದಲದ ಮರಿಯಳ ದಾರಿಯ ಮೇಲೂ ಇದೇ ಕ್ಷೀಣಚಂದ್ರನಿದ್ದನು.

ಜಗಳದ ಚರಿತ್ರೆ

ಆದಿಸಭೆಯು ಈ ಹುಣ್ಣಿಮೆಯ ಕಾರಣದಿಂದಲೇ ಮೊದಲ ದೊಡ್ಡ ಬಿರುಕನ್ನು ಕಂಡಿತು. ಏಷ್ಯಾ ಸೀಮೆಯ ಸಭೆಗಳು ಯಾವ ವಾರವೇ ಆಗಲಿ ಚಂದ್ರನ 14ನೆಯ ದಿನದಂದೇ ಪಸ್ಕವನ್ನು ಆಚರಿಸುತ್ತಿದ್ದವು. ಇದು ಯೋಹಾನನಿಂದ ಬಂದ ಪದ್ಧತಿಯೆಂದು ಅವರ ನಿಲುವು. ರೋಮಿನ ಸಭೆಯು ಭಾನುವಾರವನ್ನು ಬಿಡಲೊಲ್ಲದು. ಎರಡನೆಯ ಶತಮಾನದ ಮಧ್ಯದಲ್ಲಿ ಸ್ಮುರ್ನದ ಪಾಲಿಕಾರ್ಪನು ರೋಮಿಗೆ ಬಂದು ಬಿಷಪ್ ಅನಿಸೇಟಸನೊಡನೆ ಚರ್ಚಿಸಿದನು. ಇಬ್ಬರಲ್ಲಿ ಒಬ್ಬರೂ ಮತ್ತೊಬ್ಬರನ್ನು ಒಪ್ಪಿಸಲಾಗಲಿಲ್ಲ. ಆದರೂ ಅವರು ಒಂದೇ ಪ್ರಭುಭೋಜನದಲ್ಲಿ ಪಾಲುಗೊಂಡು ಸಮಾಧಾನದಿಂದ ಅಗಲಿದರೆಂದು ಯೂಸೇಬಿಯಸನು ದಾಖಲಿಸಿದ್ದಾನೆ. ಆ ಶತಮಾನದ ಕೊನೆಯ ಭಾಗದಲ್ಲಿ ರೋಮಿನ ವಿಕ್ಟರನು ಏಷ್ಯಾದ ಸಭೆಗಳನ್ನು ಅನ್ಯೋನ್ಯತೆಯಿಂದ ಹೊರಗಿಡಲು ಹೊರಟಾಗ, ಲಿಯೋನಿನ ಐರೇನಿಯಸನು ಈ ಹಿಂದಿನ ಘಟನೆಯನ್ನೇ ಎತ್ತಿ ತೋರಿಸಿ ಅವನನ್ನು ಎಚ್ಚರಿಸಿದನು. ದಿನ ಬೇರೆಯಾದರೂ ಮೇಜು ಒಂದೇ ಆಗಿರಬಹುದೆಂಬುದು ಐರೇನಿಯಸನ ವಾದದ ತಿರುಳು.

325ರ ನಿಸೀಯ ಮಹಾಸಭೆಯು ಎಲ್ಲ ಸಭೆಗಳೂ ಒಂದೇ ಭಾನುವಾರ ಹಬ್ಬವನ್ನು ಆಚರಿಸಬೇಕೆಂದೂ, ಯೆಹೂದ್ಯರ ತಿಂಗಳೆಣಿಕೆಯನ್ನು ಅವಲಂಬಿಸಬಾರದೆಂದೂ ತೀರ್ಮಾನಿಸಿತು. ಐಕ್ಯತೆಯ ಬಯಕೆ ಯೋಗ್ಯವಾದದ್ದು. ಆದರೆ ಆ ತೀರ್ಮಾನವನ್ನು ಸಾರಿದ ಚಕ್ರವರ್ತಿ ಕಾನ್‌ಸ್ಟಂಟೈನನ ಪತ್ರದ ಧ್ವನಿ ಬೇರೆ. ಯೆಹೂದ್ಯರೊಡನೆ ಯಾವುದೂ ಸಮಾನವಾಗಿರಬಾರದೆಂಬ ತಿರಸ್ಕಾರ ಅಲ್ಲಿ ಮರೆಯಿಲ್ಲದೆ ವ್ಯಕ್ತವಾಗಿದೆ. ಅದುವರೆಗೆ ಅನೇಕ ಸಭೆಗಳು ಪಸ್ಕ ಎಂದೆಂಬುದನ್ನು ನೆರೆಯ ಯೆಹೂದ್ಯರನ್ನು ಕೇಳಿಯೇ ತಿಳಿಯುತ್ತಿದ್ದವು. ನಾಲ್ಕನೆಯ ಶತಮಾನದ ಎಪಿಫೇನಿಯಸನು ಉಲ್ಲೇಖಿಸುವ ಒಂದು ಹಳೆಯ ಕಟ್ಟಳೆಯಂತೂ, ನೀವೇ ಲೆಕ್ಕ ಹಾಕದೆ ಸುನ್ನತಿಯುಳ್ಳ ಸಹೋದರರೊಡನೆ ಹಬ್ಬ ಮಾಡಿರಿ, ಅವರು ಲೆಕ್ಕ ತಪ್ಪಿದರೂ ಚಿಂತಿಸಬೇಡಿರಿ ಎಂಬ ಅರ್ಥದ ಉಪದೇಶವನ್ನು ಕೊಡುತ್ತದೆ. ನೆರೆಯವನನ್ನು ಕೇಳುವುದರಿಂದ ನೆರೆಯವನನ್ನು ಹೀನೈಸುವುದಕ್ಕೆ ಸಭೆಯು ಸಾಗಿದ ದೂರವನ್ನು ಈ ಎರಡು ಬರಹಗಳ ನಡುವೆ ಅಳೆಯಬಹುದು.

ಆಕಾಶದ ಚಂದ್ರ, ಪಟ್ಟಿಯ ಚಂದ್ರ

ನೆರೆಯವರನ್ನು ಕೇಳುವುದು ನಿಂತ ಮೇಲೆ ಸಭೆಗೆ ತನ್ನದೇ ಲೆಕ್ಕ ಬೇಕಾಯಿತು. 12 ಚಾಂದ್ರಮಾಸಗಳಿಗೆ 354 ದಿನ. ಸೌರವರ್ಷಕ್ಕೆ 11 ದಿನ ಕಡಮೆ. ಈ ಕೊರತೆಯನ್ನು ತುಂಬಲು ಆಗಾಗ ಒಂದು ಮಾಸವನ್ನು ಸೇರಿಸಬೇಕು. 19 ಸೌರವರ್ಷಗಳು 235 ಚಾಂದ್ರಮಾಸಗಳಿಗೆ ಬಹುಮಟ್ಟಿಗೆ ಸಮವೆಂಬ ತಿಳಿವಳಿಕೆ ಇಲ್ಲಿ ಆಧಾರವಾಯಿತು. 19 ವರ್ಷಗಳಲ್ಲಿ 7 ಮಾಸಗಳನ್ನು ಹೆಚ್ಚಿಸಿದರೆ ಲೆಕ್ಕ ಕೂಡುತ್ತದೆ. ಅಲೆಕ್ಸಾಂದ್ರಿಯದ ಸಭೆಯ ಪಟ್ಟಿ, ಯೆಹೂದ್ಯರ ಈಗಿನ ಪಂಚಾಂಗ ಎರಡೂ ಈ ಚಕ್ರದ ಮೇಲೆಯೇ ನಿಂತಿವೆ. ನಮ್ಮ ನಾಡಿನ ಪಂಚಾಂಗದ ಅಧಿಕ ಮಾಸವೂ ಇದೇ ಕೊರತೆಯನ್ನು ತುಂಬುವ ಉಪಾಯ.

ಪಟ್ಟಿಯ ಚಂದ್ರನು ಆಕಾಶದ ಚಂದ್ರನಿಗೆ ಪೂರ್ತಿ ಹೊಂದುವುದಿಲ್ಲ. ಹದಿನಾರನೆಯ ಶತಮಾನದ ಹೊತ್ತಿಗೆ ಸಮರಾತ್ರಿಯು ಪಟ್ಟಿಯ ದಿನದಿಂದ 10 ದಿನ, ಹುಣ್ಣಿಮೆಯು 3 ದಿನಕ್ಕೂ ಮಿಕ್ಕಿ ಸರಿದುಹೋಗಿದ್ದವು. ವೈದ್ಯ ಲಿಲಿಯಸನ ಯೋಜನೆಯನ್ನೂ ಯೇಸುಸಭೆಯ ಕ್ಲಾವಿಯಸನ ಗಣಿತವನ್ನೂ ಆಧರಿಸಿ 13ನೆಯ ಗ್ರೆಗೋರಿ ಜಗದ್ಗುರುಗಳು 1582ರಲ್ಲಿ ತಿದ್ದುಪಡಿಯನ್ನು ಜಾರಿಗೆ ತಂದರು. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಪ್ರಾಟೆಸ್ಟಂಟ್ ಇಂಗ್ಲೆಂಡ್ ಇದನ್ನು ಒಪ್ಪಲು 1752ರವರೆಗೆ ಕಾಲ ಹಿಡಿಯಿತು. ಸುಮಾರು 170 ವರ್ಷ ಲಂಡನ್ನಿಗೂ ರೋಮಿಗೂ ಬೇರೆ ಬೇರೆ ಪಂಚಾಂಗಗಳಿದ್ದವು.

ಈ ತಾರೀಖುಗಳು ನಮ್ಮ ದಂಡಿಗೆ ಸಂಬಂಧಪಟ್ಟಿವೆ. ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಬಳಿಗೆ ಬಂದು 1809ರಲ್ಲಿ ದಂಡು ನೆಲೆಗೊಂಡಾಗ, ಆಂಗ್ಲಿಕನ್ ಪಾದ್ರಿಗಳ ಪ್ರಾರ್ಥನಾ ಪುಸ್ತಕದ ಪಟ್ಟಿಯೂ ಫ್ರೆಂಚ್ ಮಿಷನರಿಗಳ ಪೂಜಾಗ್ರಂಥದ ಪಟ್ಟಿಯೂ ಒಂದೇ ಭಾನುವಾರವನ್ನು ತೋರಿಸುತ್ತಿದ್ದವು. ಮುಂದೆ 1820ರಲ್ಲಿ ಲಂಡನ್ ಮಿಷನ್, ಅದರ ಮರುವರ್ಷ ವೆಸ್ಲಿಯನ್ ಮಿಷನ್ ಇಲ್ಲಿ ಕೆಲಸ ಆರಂಭಿಸಿದಾಗಲೂ ದಿನದ ವಿವಾದ ಹುಟ್ಟಲಿಲ್ಲ. ಮಲಂಕರ ಸಂಪ್ರದಾಯದ ಸಭೆಗಳು ಕೂಡ ಭಾರತದಲ್ಲಿ ಇದೇ ದಿನವನ್ನು ಪಾಲಿಸುತ್ತವೆ. ಸಂತ ಮಾರ್ಕರ ದೇವಾಲಯದಲ್ಲಿಯೂ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿಯೂ ಒಂದೇ ಬೆಳಗಿಗೆ ಗಂಟೆ ಬಾರಿಸುವುದು ನಮಗೆ ಸಹಜವೆನಿಸುತ್ತದೆ. ಅದು ಸಹಜವಲ್ಲ, ಇಂಗ್ಲೆಂಡ್ ತನ್ನ ಹಟವನ್ನು ಬಿಟ್ಟು ಎರಡು ತಲೆಮಾರುಗಳಾದ ಮೇಲೆ ನಮಗೆ ದೊರೆತ ಬಾಧ್ಯತೆ. ಗ್ರೀಸ್, ರಷ್ಯಾಗಳ ಆರ್ಥೊಡಾಕ್ಸ್ ಸಭೆಗಳೊಡನೆ ಆ ಭಿನ್ನತೆ ಇಂದಿಗೂ ಉಳಿದಿದೆ.

ನೆರೆಯವರ ಎಣಿಕೆ

ಈಗ ದಂಡಿನ ನೆರೆಹೊರೆಗೆ ಬರೋಣ. ಶಿವಾಜಿನಗರದ ಮುಸಲ್ಮಾನರ ತಿಂಗಳು ಎಳೆಚಂದ್ರನ ದರ್ಶನದಿಂದ ಆರಂಭವಾಗುತ್ತದೆ, ಅಧಿಕ ಮಾಸವಿಲ್ಲ. ಆದಕಾರಣ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2022ರಿಂದ 2024ರವರೆಗಿನ ಮೂರು ವರ್ಷಗಳಲ್ಲಿ ಪುನರುತ್ಥಾನದ ಭಾನುವಾರವು ರಂಜಾನ್ ಮಾಸದೊಳಗೇ ಬಂದಿತು. ಬೆಂಗಳೂರಿನಲ್ಲಿ 2022ರ ಉಪವಾಸ ಏಪ್ರಿಲ್ 3ಕ್ಕೆ, 2023ರದು ಮಾರ್ಚ್ 24ಕ್ಕೆ, 2024ರದು ಮಾರ್ಚ್ 12ಕ್ಕೆ ಆರಂಭವಾದವು. ನಮ್ಮ ಹಬ್ಬಗಳು ಏಪ್ರಿಲ್ 17, ಏಪ್ರಿಲ್ 9, ಮಾರ್ಚ್ 31ರಂದು ಬಂದವು. ಎಣಿಸಿ ನೋಡಿದರೆ ಅವು ಕ್ರಮವಾಗಿ ರಂಜಾನಿನ 15, 17 ಮತ್ತು 20ನೆಯ ದಿನಗಳು. ಸಭೆಯ ಪಟ್ಟಿಯ ಪ್ರಕಾರ ಅದೇ ಭಾನುವಾರಗಳು ಚಂದ್ರನ 15, 18 ಮತ್ತು 20ನೆಯ ದಿನಗಳು. ಒಬ್ಬರು ಸಂಜೆಯ ಆಕಾಶವನ್ನು ನೋಡಿ ಹೇಳಿದ್ದನ್ನೂ ಮತ್ತೊಬ್ಬರು ನಾಲ್ಕು ಶತಮಾನಗಳ ಹಿಂದಿನ ಪಟ್ಟಿಯನ್ನು ನೋಡಿ ಹೇಳಿದ್ದನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ಒಂದು ದಿನದ ಅಂತರ ಕಂಡುಬರುತ್ತದೆ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಆ ಹುಣ್ಣಿಮೆಯ ಆಸುಪಾಸಿನಲ್ಲಿ ಹಲಸೂರಿನ ಬೀದಿಗಳಲ್ಲಿಯೂ ಸೋಮೇಶ್ವರನ ಉತ್ಸವದ ಸಡಗರವಿರುತ್ತದೆ. ಕಾರ್ತಿಕ ಹುಣ್ಣಿಮೆಗೆ ಹಲಸೂರು ಕೆರೆಯ ಬಳಿಯ ಗುರುದ್ವಾರದಲ್ಲಿ ಗುರುನಾನಕ್ ಜಯಂತಿ. ಇವುಗಳಲ್ಲಿ ಚೈತ್ರ ಹುಣ್ಣಿಮೆಯು ನಮ್ಮ ಪಸ್ಕದ ಹುಣ್ಣಿಮೆಗೆ ಅನೇಕ ವರ್ಷ ಒಂದೇ ಆಗಿರುತ್ತದೆ. 2025ರಲ್ಲಿ ಹಾಗೆಯೇ ಆಯಿತು: ಏಪ್ರಿಲ್ 12ರ ಸಂಜೆ ಯೆಹೂದ್ಯರ ಪಸ್ಕ ಆರಂಭವಾಯಿತು, ಅದೇ ರಾತ್ರಿ ಬೆಂಗಳೂರಿನ ಕರಗ, ಮುಂದಿನ ಭಾನುವಾರ ಏಪ್ರಿಲ್ 20ರಂದು ಪೂರ್ವ ಪಶ್ಚಿಮಗಳ ಸಭೆಗಳೆರಡರಲ್ಲಿಯೂ ಪುನರುತ್ಥಾನದ ಹಬ್ಬ. ನಿಸೀಯ ಮಹಾಸಭೆಯ 1700ನೆಯ ವರ್ಷವೂ ಅದೇ ಆಗಿತ್ತು.

ಆದರೆ ಮಾರ್ಚ್ ಕೊನೆಯ ವಾರದ ಹುಣ್ಣಿಮೆಗಳಲ್ಲಿ ದಾರಿಗಳು ಕವಲೊಡೆಯುತ್ತವೆ. 2024ರಲ್ಲಿ ಮಾರ್ಚ್ 25ರ ಹುಣ್ಣಿಮೆ ನಮಗೆ ಪಸ್ಕದ್ದು, ಪಂಚಾಂಗದವರಿಗೆ ಫಾಲ್ಗುಣದ ಹೋಳಿಯದು. ಚೈತ್ರ ಹುಣ್ಣಿಮೆ ಬಂದದ್ದು ಏಪ್ರಿಲ್ 23ರಂದು. ಅದರ ಹಿಂದಿನ ಸಂಜೆಯೇ ಯೆಹೂದ್ಯರ ಪಸ್ಕ. ಅಧಿಕ ಮಾಸವನ್ನು ಎಲ್ಲಿ ಸೇರಿಸಬೇಕೆಂಬ ವಿಷಯದಲ್ಲಿ ಕರಗದವರೂ ಯೆಹೂದ್ಯರೂ ಒಂದು ಕಡೆ, ನಾವು ಮತ್ತೊಂದು ಕಡೆ.

2019ರ ವರ್ಷ ಇನ್ನೂ ಹೆಚ್ಚು ಯೋಚನೆಗೆ ಹಚ್ಚುವಂಥದು. ಆ ವರ್ಷ ನಮ್ಮ ದೇಶದ ಗಡಿಯಾರದಂತೆ ಸಮರಾತ್ರಿ ಮಾರ್ಚ್ 21ರ ಬೆಳಗಿನ ಜಾವ ಸಂಭವಿಸಿತು; ಅಂದೇ ಬೆಳಿಗ್ಗೆ ಹುಣ್ಣಿಮೆಯ ಗಳಿಗೆಯೂ ಬಂದಿತು. ಆಕಾಶವನ್ನೇ ಪ್ರಮಾಣವಾಗಿಟ್ಟುಕೊಂಡಿದ್ದರೆ ಹಬ್ಬ ಮಾರ್ಚ್ 24ಕ್ಕೆ ಬರಬೇಕಿತ್ತು. ಸಭೆಯ ಪಟ್ಟಿಯು ಆ ಹುಣ್ಣಿಮೆಯನ್ನು ಮಾರ್ಚ್ 20ಕ್ಕೆ ಇಟ್ಟಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಹಬ್ಬ ಏಪ್ರಿಲ್ 21ಕ್ಕೆ ಹೋಯಿತು. ಫಲವೇನು? ಶುಭ ಶುಕ್ರವಾರ ಏಪ್ರಿಲ್ 19ಕ್ಕೆ ಬಂದಿತು. ಅದೇ ದಿನ ಚೈತ್ರ ಹುಣ್ಣಿಮೆ. ಅದೇ ಸಂಜೆ ಯೆಹೂದ್ಯರ ಪಸ್ಕದ ಆರಂಭ. ಶಿಲುಬೆಯ ಆರಾಧನೆ ಮುಗಿದು ಜನರು ದೇವಾಲಯಗಳಿಂದ ಹೊರಬರುವ ಹೊತ್ತಿಗೆ ಹಲಸೂರಿನ ಕಡೆ ಮೂಡಿದ ಚಂದ್ರನು ಎಲ್ಲರ ಲೆಕ್ಕದಲ್ಲಿಯೂ ಹಬ್ಬದ ಚಂದ್ರನೇ ಆಗಿದ್ದನು. ಗಣಿತದ ಕಣ್ಣಿಗೆ ನಮ್ಮ ಪಟ್ಟಿ ತಪ್ಪಿತ್ತು. ತಪ್ಪಿದ ಪಟ್ಟಿಯೇ ನಮ್ಮನ್ನು ನೆರೆಯವರ ಬಳಿಗೆ ಕರೆತಂದಿತು.

ಇಂದಿನ ಪ್ರಶ್ನೆ

ಹಬ್ಬದ ದಿನವನ್ನು ಸ್ಥಿರಗೊಳಿಸಬೇಕೆಂಬ ಸಲಹೆ ಹೊಸದಲ್ಲ. ಏಪ್ರಿಲ್ ತಿಂಗಳಿನ ಎರಡನೆಯ ಶನಿವಾರದ ಮರುದಿನವನ್ನು ಗೊತ್ತುಪಡಿಸುವ ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟ್ 1928ರಲ್ಲಿಯೇ ಅಂಗೀಕರಿಸಿತು. ಅದು ಜಾರಿಗೆ ಬರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಇತರ ಸಭೆಗಳು ಸಮ್ಮತಿಸುವುದಾದರೆ ಸ್ಥಿರ ಭಾನುವಾರಕ್ಕೆ ತನ್ನ ಆಕ್ಷೇಪವಿಲ್ಲವೆಂದು ತಿಳಿಸಿತು. 1997ರ ಅಲೆಪ್ಪೊ ಸಮಾಲೋಚನೆಯು ಬೇರೆ ದಾರಿಯನ್ನು ಸೂಚಿಸಿತು: ನಿಸೀಯದ ನಿಯಮವನ್ನೇ ಉಳಿಸಿಕೊಂಡು, ಯೆರೂಸಲೇಮಿನ ರೇಖಾಂಶವನ್ನು ಆಧಾರವಾಗಿಟ್ಟು, ಖಗೋಳಶಾಸ್ತ್ರದ ನಿಖರವಾದ ಲೆಕ್ಕದಿಂದ ಸಮರಾತ್ರಿ ಹುಣ್ಣಿಮೆಗಳನ್ನು ನಿರ್ಣಯಿಸುವುದು. ಒಂದು ಸಲಹೆಯಲ್ಲಿ ಚಂದ್ರನಿಗೆ ಸ್ಥಾನವೇ ಇಲ್ಲ. ಇನ್ನೊಂದರಲ್ಲಿ ಅವನಿಗೆ ಪೂರ್ತಿ ಸ್ಥಾನವಿದೆ.

ಈ ಎರಡರಲ್ಲಿ ಯಾವುದು ಸಾಧುವೆಂದು ವಿಶ್ವಸಭೆ ನಿರ್ಣಯಿಸಲಿ. ಪಾಲಕರ ದೃಷ್ಟಿಯಿಂದ ನಾವು ಒಂದು ಮಾತನ್ನು ಹೇಳಬಯಸುತ್ತೇವೆ. ಸ್ಥಿರ ಭಾನುವಾರವು ಶಾಲಾ ಕಚೇರಿಗಳಿಗೆ ಅನುಕೂಲ. ಆದರೆ ಚಂದ್ರನನ್ನು ಕಳಚಿದರೆ ಗೆತ್ಸೇಮನೆಯ ಬೆಳದಿಂಗಳೂ ಇಸ್ರಾಯೇಲಿನ ಬಿಡುಗಡೆಯ ರಾತ್ರಿಯೂ ನಮ್ಮ ಹಬ್ಬದಿಂದ ಒಂದು ಹೆಜ್ಜೆ ದೂರ ಸರಿಯುತ್ತವೆ. ಯೆಹೂದ್ಯರ ವಿಷಯದಲ್ಲಿ ಮಾಡಿದ ತಿರಸ್ಕಾರಕ್ಕೆ ಪಶ್ಚಾತ್ತಾಪ ಪಡುತ್ತಿರುವ ಸಭೆಯು, ಅವರೊಡನೆ ತನಗೆ ಉಳಿದಿರುವ ಈ ಗೋಚರವಾದ ನಂಟನ್ನು ಅನುಕೂಲಕ್ಕಾಗಿ ಕಡಿದುಕೊಳ್ಳುವ ಮೊದಲು ಬಹಳ ಯೋಚಿಸಬೇಕು.

ನೆರೆಯವರ ಕುರಿತು ಹೇಳುವುದಿಷ್ಟು. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮ್ಮನ್ನು ತೀರ್ಪುಮಾಡದಿರಲಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದನು. ನಮಗೆ ಕೊಟ್ಟ ಈ ಸ್ವಾತಂತ್ರ್ಯವು ಇತರರನ್ನು ತೀರ್ಪುಮಾಡುವ ಅಧಿಕಾರವಲ್ಲ. ಚಂದ್ರದರ್ಶನಕ್ಕಾಗಿ ಮಾಳಿಗೆ ಹತ್ತುವ ಶಿವಾಜಿನಗರದ ಕುಟುಂಬ, ತಿಥಿಯ ಗಳಿಗೆಯನ್ನು ಎಣಿಸುವ ಹಲಸೂರಿನ ಅರ್ಚಕ, ಕಾಲಸೂಚಕ ಪಟ್ಟಿಯನ್ನು ಬಿಡಿಸುವ ಸಭಾಪಾಲಕ ಈ ಮೂವರೂ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಕಾಲಗಳ ಗುರುತಿಗೆಂದು ಇಡಲ್ಪಟ್ಟ ಅದೇ ಬೆಳಕನ್ನು ವಿಚಾರಿಸುತ್ತಿದ್ದಾರೆ. ಅವರ ನಂಬಿಕೆಗಳು ಒಂದೇ ಎಂದು ನಾವು ಹೇಳುತ್ತಿಲ್ಲ. ನಾವು ಸಾರುವ ಸುವಾರ್ತೆಯು ಚಂದ್ರನ ಮೇಲಲ್ಲ, ಎದ್ದುಬಂದ ಕರ್ತನ ಮೇಲೆ ನಿಂತಿದೆ. ಆದರೆ ಆ ಸುವಾರ್ತೆಯನ್ನು ಎಂದು ಸಾರಬೇಕೆಂಬುದನ್ನು ನಮ್ಮ ಪೂರ್ವಿಕರು ನೆರೆಯವರಿಂದ ಕಲಿತರು. ಕಲಿಸಿದವರನ್ನು ಮುಂದೆ ಹೀನೈಸಿದರು. ಬಹುಧರ್ಮಗಳ ದಂಡಿನಲ್ಲಿ ಸೇವೆಮಾಡುವವರು ಆ ಎರಡನೆಯ ಹೆಜ್ಜೆಯನ್ನು ಮತ್ತೆ ಇಡಬಾರದು.

ಬರುವ ತಪಸ್ಸುಕಾಲದಲ್ಲಿ ಧರ್ಮೋಪದೇಶದ ತರಗತಿಯ ಮಕ್ಕಳಿಗೆ ಹಬ್ಬದ ದಿನವನ್ನು ತಿಳಿಸುವಾಗ, ಅದು ಏಕೆ ಕದಲುತ್ತದೆಂಬುದನ್ನೂ ತಿಳಿಸೋಣ. ಪವಿತ್ರ ವಾರದ ಒಂದು ಸಂಜೆ ಅವರನ್ನು ಪೂರ್ವಕ್ಕೆ ಮುಖಮಾಡಿ ನಿಲ್ಲಿಸೋಣ. ಅಲ್ಲಿ ಮೂಡುವ ಚಂದ್ರನನ್ನು ಪಕ್ಕದ ಬೀದಿಯವರು ಯಾವ ಹೆಸರಿನಿಂದ ಎಣಿಸುತ್ತಾರೆಂದು ಹೇಳಿಕೊಡಲು, ಮೊದಲು ನಾವು ಅವರನ್ನು ಗೌರವದಿಂದ ಕೇಳಿ ತಿಳಿಯಬೇಕಾಗುತ್ತದೆ.